ಸೋಸಿ ಸುರಿದ ನೀರು

ಅಕ್ಕನ ಮನೆಯ ಹಜಾರದಲ್ಲಿ ಸೋಫಾ ಇರಬೇಕಾದ ಜಾಗದಲ್ಲಿ ಒಂದು ಸಮುದ್ರವಿತ್ತು. ನಾಲ್ಕು ಅಡಿ ಉದ್ದ, ಎರಡು ಅಡಿ ಎತ್ತರದ ಗಾಜಿನ ತೊಟ್ಟಿ. ಬಂದವರಿಗೆ ಕೂರಲು ಎರಡು ಪ್ಲಾಸ್ಟಿಕ್ ಕುರ್ಚಿ. "ಮೀನಿಗೆ ಬಂಗಲೆ, ನೆಂಟರಿಗೆ ಸ್ಟೂಲು" ಎಂದು ಅಕ್ಕ ಮೊದಮೊದಲು ಗೊಣಗುತ್ತಿದ್ದಳು. ಭಾವ ಹೋಗಿ ಏಳು ತಿಂಗಳಾದ ಮೇಲೆ ಅದೇ ಅಕ್ಕ ನನಗೆ ಫೋನ್ ಮಾಡಿ, "ರಜ ಹಾಕಿ ಬಾರೇ. ತೊಟ್ಟಿಗೆ ಕೆಂಪು ಹತ್ತಿದೆ. ಎಷ್ಟು ತೆಗೆದರೂ ಹೋಗ್ತಿಲ್ಲ" ಎಂದಳು.

ಅಕ್ಕನ ಬಾಯಿಂದ ಆ ಮಾತು ಕೇಳಿ ನನಗೆ ಹೆದರಿಕೆಯಾಯಿತು. ಅವಳು ಡ್ರೈಕ್ಲೀನಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕಲೆ ತೆಗೆಯುವ ಮೇಜಿನ ಮುಂದೆ ಹನ್ನೊಂದು ವರ್ಷ ನಿಂತವಳು. ಶಾಯಿ, ಗ್ರೀಸು, ಹಳೆಯ ರಕ್ತ, ಲಿಪ್‌ಸ್ಟಿಕ್ಕು. ಕಲೆ ನೋಡಿ ಆ ಮನೆಯಲ್ಲಿ ಯಾವ ಜಗಳ ನಡೆಯಿತೆಂದು ಹೇಳಬಲ್ಲವಳು. ಭಾವ ಅಂಗಡಿಗಳ ತಕ್ಕಡಿ ರಿಪೇರಿ ಮಾಡುತ್ತಿದ್ದರು. ಒಂದು ಗ್ರಾಂ ಹೆಚ್ಚುಕಮ್ಮಿ ಬಂದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಒಂದು ಮಂಗಳವಾರ ಮಧ್ಯಾಹ್ನ ಯಾವುದೋ ಅಂಗಡಿಯ ತಕ್ಕಡಿಯ ಮೇಲೆ ಬಗ್ಗಿದವರು ಮತ್ತೆ ನೆಟ್ಟಗಾಗಲಿಲ್ಲ.

ನಾನು ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಎರಡು ವಾರ ರಜೆ ಪಡೆದು ಬಂದೆ. ಬಾಗಿಲು ತೆಗೆದ ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಒಂದು ಕಾಲಿಗೆ ಒಂದು ಬಣ್ಣದ ಸಾಕ್ಸ್ ಹಾಕ್ಕೊಂಡು ಬಂದಿದೀಯಲ್ಲೇ. ನಿನ್ನ ಕೈಲಿ ತಪ್ಪು ತಿದ್ದಿಸ್ತಾರಲ್ಲ, ಅವರಿಗೆ ಹೇಳಬೇಕು" ಎಂದಳು. ಮುಖದಲ್ಲಿ ನಗು ಬಂದಿರಲಿಲ್ಲ, ಮಾತಿನಲ್ಲಿ ಮಾತ್ರ ಇತ್ತು. ಅವಳು ಸಣ್ಣಗಾಗಿದ್ದಳು.

ತೊಟ್ಟಿಯ ಬಿಳಿ ಮರಳಿನ ಮೇಲೆ ಯಾರೋ ಕೆಂಪು ಮಖಮಲ್ಲು ಹಾಸಿದಂತಿತ್ತು. ಕಲ್ಲುಗಳ ಹೆಗಲ ಮೇಲೂ ಅದೇ ಹೊದಿಕೆ. ಅದರೊಳಗೆ ಸಿಕ್ಕಿಬಿದ್ದ ಗಾಳಿಗುಳ್ಳೆಗಳು ಮಣಿ ಹೊಲಿದ ಹಾಗೆ ಮಿನುಗುತ್ತಿದ್ದವು. ದೂರದಿಂದ ನೋಡಿದರೆ ಮದುವೆ ಮನೆ. ಹತ್ತಿರ ಹೋದರೆ ಲೋಳೆ. ಪಂಪಿನ ಅಲೆಗೆ ಅಂಚು ಎದ್ದು, ಹರಿದ ಬಟ್ಟೆಯ ಹಾಗೆ ಬಡಿದಾಡುತ್ತಿತ್ತು.

ನಟ್ಟನಡುವೆ ಭಾವನ ಹವಳ. ಆರು ವರ್ಷದ ಹಿಂದೆ ಒಂದೇ ತಲೆಯದನ್ನು ತಂದಿದ್ದರು. ಅದು ಕವಲೊಡೆದು ಕವಲೊಡೆದು ಹನ್ನೊಂದು ತಲೆಯಾಗಿತ್ತು. ಒಂದೊಂದು ತಲೆಯಲ್ಲೂ ಹಸಿರು ಬೆರಳುಗಳು, ಬೆರಳ ತುದಿಗೆ ಚಿನ್ನದ ಉಗುರು. ಆ ಬೆರಳುಗಳ ಮಡಿಲಲ್ಲಿ ಒಂದು ಕಿತ್ತಳೆ ಮೀನು ವಾಸವಿತ್ತು. ಭಾವ ಅದನ್ನು 'ಬಾಡಿಗೆದಾರ' ಎಂದು ಕರೆಯುತ್ತಿದ್ದರು. ಅಜ್ಜಿಯ ಕತೆಗಳಲ್ಲಿ ಬೆಳೆದ ನನಗೆ ಹನ್ನೊಂದು ತಲೆ ಎಂದರೆ ರಾಕ್ಷಸನೇ ಆಗಬೇಕು. ಇದು ಮಾತ್ರ ಯಾರಿಗೂ ಏನೂ ಮಾಡದ, ಇಡೀ ದಿನ ತಲೆದೂಗುವ ರಾಕ್ಷಸ. ಈಗ ಆರು ತಲೆಗಳು ಮಾತ್ರ ಬಿಚ್ಚಿದ್ದವು. ಉಳಿದವುಗಳ ಕುತ್ತಿಗೆಯವರೆಗೆ ಕೆಂಪು ಹತ್ತಿತ್ತು.

"ಇದೊಂದು ಉಳೀಬೇಕು ಕಣೇ," ಎಂದಳು ಅಕ್ಕ. "ಬೇರೆದು ಏನಾದರೂ ಆಗಲಿ. ಅವರು ಬೆಳೆಸಿದ್ದು ಅಂತ ಈ ಮನೇಲಿ ಇರೋದು ಇದೊಂದೇ."

ಅವರಿಗೆ ಮಕ್ಕಳಿರಲಿಲ್ಲ. 

ಮರುದಿನ ನಾಲ್ಕು ಗಂಟೆಗೆ ಅಕ್ಕ ಕೆಲಸದಿಂದ ಬಂದವಳೇ ತೋಳು ಮಡಚಿದಳು. ಸಣ್ಣ ಪೈಪಿನ ಒಂದು ತುದಿಯನ್ನು ತೊಟ್ಟಿಗೆ ಇಳಿಸಿ, ಇನ್ನೊಂದನ್ನು ಕೆಳಗಿನ ಬಕೆಟ್ಟಿಗೆ ಬಿಟ್ಟು ನೀರು ಎಳೆದಳು. ಪೈಪು ಹೋದಲ್ಲೆಲ್ಲ ಕೆಂಪು ಲೋಳೆ ಹಾಳೆಹಾಳೆಯಾಗಿ ಎದ್ದು ಒಳಗೆ ಸರಿಯುತ್ತಿತ್ತು, ಕೆಳಗೆ ಮರಳು ಬೆಳ್ಳಗೆ ಕಾಣುತ್ತಿತ್ತು. ಎಷ್ಟಾದರೂ ಅವಳ ಕೈ. ಬಕೆಟ್ಟಿನ ಬಾಯಿಗೆ ತೆಳ್ಳನೆಯ ಬಿಳಿ ಬಟ್ಟೆ ಬಿಗಿದು ಸುತ್ತ ಬಟ್ಟೆ ಕ್ಲಿಪ್ಪು ಹಾಕಿದ್ದಳು. ಲೋಳೆ ಬಟ್ಟೆಯ ಮೇಲೆ ನಿಂತಿತು, ನೀರು ಕೆಳಗಿಳಿಯಿತು. ಅದಾದ ಮೇಲೆ ಬಟ್ಟೆ ತೆಗೆದು ಪಕ್ಕಕ್ಕಿಟ್ಟು, ಬಕೆಟ್ಟನ್ನು ಎತ್ತಿ, ಸೋಸಿದ ನೀರನ್ನು ಒಂದು ಹನಿಯೂ ಚೆಲ್ಲದ ಹಾಗೆ ಮಗ್ಗಿನಿಂದ ವಾಪಸು ತೊಟ್ಟಿಗೆ ಸುರಿದಳು.

"ಮತ್ತೆ ಒಳಗೇ ಹಾಕ್ತೀಯಲ್ಲೇ?" ಎಂದೆ.

"ಸೋಸಿದೀನಲ್ಲ."

"ಭಾವ ಹೊರಗೆ ಚೆಲ್ತಿದ್ದರು. ಭಾನುವಾರ ಎರಡು ಬಕೆಟ್ ತೆಗೆದು, ಎರಡು ಬಕೆಟ್ ಹೊಸ ಉಪ್ಪುನೀರು ಹಾಕೋರು. ನಾನೇ ನೋಡಿದೀನಿ."

"ಗೊತ್ತು."

"ಎಷ್ಟು ದಿನದಿಂದ ಬದಲಾಯಿಸಿಲ್ಲ ನೀನು?"

ಅವಳು ಸೋಸಿದ ಬಟ್ಟೆಯನ್ನು ಎತ್ತಿಕೊಂಡು ಬಚ್ಚಲಿಗೆ ಹೋಗಿ ಲೋಳೆ ಕೊಡವಿದಳು. ಹಿಂತಿರುಗಿ ಬಾಗಿಲಲ್ಲೇ ನಿಂತು ಹೇಳಿದಳು. "ಬದಲಾಯಿಸಿಲ್ಲ. ಆವಿಯಾಗಿ ಇಳಿದಷ್ಟಕ್ಕೆ ಸಿಹಿನೀರು ಸೇರಿಸ್ತೀನಿ, ಅಷ್ಟೇ. ಆ ಭಾನುವಾರ ಉಪ್ಪುನೀರು ಕಲಸಿ ಹಾಕಿದರು, ಮಂಗಳವಾರ ಹೋದರು. ಮೊಣಕೈವರೆಗೂ ಕೈ ಬಿಟ್ಟು ತಿರುಗಿಸೋರು. ಕಲಸೋಕೆ ಪಂಪ್ ಇದೆಯಲ್ಲ ಅಂದರೆ, ಉಪ್ಪು ಕರಗಿದ್ದು ಪಂಪಿಗೇನು ಗೊತ್ತು, ಕೈಗೆ ಗೊತ್ತಾಗುತ್ತೆ ಅನ್ನೋರು." ಕೈಯಲ್ಲಿದ್ದ ಬಟ್ಟೆ ಹಿಂಡಿದಳು. "ಅವರ ಬಟ್ಟೆಯೆಲ್ಲ ನಾನು ಒಗೆದುಬಿಟ್ಟೆ ಕಣೇ. ಅದೇ ವಾರ. ಯೋಚನೆ ಮಾಡದೆ ಒಗೆದು, ಇಸ್ತ್ರಿ ಮಾಡಿ, ಮಡಚಿ ಇಟ್ಟುಬಿಟ್ಟೆ. ಕೈಗೆ ಅಭ್ಯಾಸ. ಆಮೇಲೆ ಒಂದೊಂದೇ ಶರ್ಟ್ ತೆಗೆದು ಮೂಸಿ ನೋಡ್ತೀನಿ, ಎಲ್ಲದರಲ್ಲೂ ಸೋಪು. ಅವರು ಮುಟ್ಟಿದ್ದು ಅಂತ ಒಗೆಯದೆ ಉಳಿದಿರೋದು ಈ ನೀರು ಮಾತ್ರ."

ನನಗೆ ಅಜ್ಜಿಯ ಕತೆಯೊಂದು ನೆನಪಾಯಿತು.

ಒಬ್ಬ ಅಂಬಿಗ ಇದ್ದನಂತೆ. ಸಮುದ್ರ ಅವನನ್ನು ನುಂಗಿತಂತೆ. ಅವನ ಹೆಂಡತಿ ದೋಣಿ ಮುಳುಗಿದ ಜಾಗಕ್ಕೆ ಹೋಗಿ ಒಂದು ಕೊಡ ನೀರು ತುಂಬಿಕೊಂಡು ಬಂದು ಅಡುಗೆಮನೆಯಲ್ಲಿಟ್ಟಳಂತೆ. ಸಮುದ್ರ ಮಹಾ ಜಿಪುಣ. ಸಂಜೆ ತನ್ನ ನೀರನ್ನು ಅಳೆದರೆ ಒಂದು ಕೊಡ ಕಡಿಮೆ. ಅವಳ ಬಾಗಿಲಿಗೆ ಬಂದು, "ನನ್ನ ನೀರು ಕೊಡು ತಾಯಿ" ಎಂದಿತು. ಅವಳು "ನಾಳೆ ಬಾ" ಎಂದಳು. ಮಾರನೆಯ ದಿನವೂ ಬಂತು, ಮಾರನೆಯ ದಿನವೂ "ನಾಳೆ ಬಾ." ಅಲೆಗಳು ದಡದವರೆಗೆ ಬಂದು ಹಿಂದಕ್ಕೆ ಹೋಗುವುದು ಅದಕ್ಕೇ ಎಂದು ಅಜ್ಜಿ ಹೇಳುತ್ತಿದ್ದಳು. ಅಕ್ಕ ಮತ್ತು ನಾನು ಒಂದೇ ರಗ್ಗಿನೊಳಗೆ ಮಲಗಿ ಕೇಳುತ್ತಿದ್ದೆವು.

ಮರುದಿನ ಅಕ್ಕ ಕೆಲಸಕ್ಕೆ ಹೋದ ಮೇಲೆ ಜಾಮ್ ಬಾಟಲಿಯಲ್ಲಿ ಸ್ವಲ್ಪ ತೊಟ್ಟಿಯ ನೀರು ಕದ್ದು ಮೀನಿನ ಅಂಗಡಿಗೆ ಹೋದೆ. ಅಂಗಡಿಯವನನ್ನು ಎಲ್ಲರೂ ಉಪ್ಪಣ್ಣ ಎಂದೇ ಕರೆಯುತ್ತಿದ್ದರು. ಭಾವನಿಗೆ ಈ ಹುಚ್ಚು ಹತ್ತಿಸಿದವನೇ ಅವನು. ಎರಡೂ ಕೈಗಳ ಚರ್ಮ ಉಪ್ಪಿಗೆ ಬಿರಿದು, ಹಳೆಯ ಗೋಡೆಯ ಸುಣ್ಣದ ಹಾಗಾಗಿತ್ತು.

"ನಿಮ್ಮ ಭಾವ ಇಲ್ಲಿಗೆ ಬಂದರೆ ಮೀನು ನೋಡ್ತಿರಲಿಲ್ಲ, ನನ್ನ ತಕ್ಕಡಿ ನೋಡೋನು," ಎಂದ. "ಮೂರು ಗ್ರಾಂ ಮೋಸ ಇದೆ ಅಂತ ಗಿರಾಕಿಗಳ ಮುಂದೇನೇ ಹೇಳಿಬಿಡೋನು." ನಗುತ್ತಲೇ ಸಣ್ಣ ಗಾಜಿನ ಕೊಳವೆಗೆ ನೀರು ಹಾಕಿ, ಎರಡು ಔಷಧಿಯ ಹನಿ ಬಿಟ್ಟು ಅಲ್ಲಾಡಿಸಿದ. ತಿಳಿ ಗುಲಾಬಿಯಾಗಬೇಕಿದ್ದ ನೀರು ನೋಡನೋಡುತ್ತಿದ್ದಂತೆ ಕಡುಗೆಂಪಾಯಿತು. ನಗು ನಿಂತಿತು.

"ಇದು ನೀರಲ್ಲಮ್ಮ, ಗೊಬ್ಬರ. ಯಾವ ತೊಟ್ಟಿದು?"

ನಾನು ಎಲ್ಲವನ್ನೂ ಹೇಳಿದೆ. ಬಟ್ಟೆ ಕಟ್ಟಿ ಸೋಸುವುದನ್ನು ಹೇಳಿದಾಗ ಅವನು ಸ್ಟೂಲಿನ ಮೇಲೆ ಕೂತುಬಿಟ್ಟ.

"ಅದು ಪಾಚಿ ಥರ ಕಾಣುತ್ತೆ, ಪಾಚಿ ಅಲ್ಲ. ಬ್ಯಾಕ್ಟೀರಿಯಾ. ಸಯನೋ ಅಂತೀವಿ. ಮೀನು, ಮರ, ನೀನು, ನಾನು ಯಾರೂ ಇಲ್ಲದಾಗಲೇ ಇದು ಇತ್ತು. ಉಸಿರಾಡೋ ಗಾಳಿ ಭೂಮಿಗೆ ತುಂಬಿಕೊಟ್ಟಿದ್ದೇ ಇದರ ಮುತ್ತಜ್ಜಿಯರು. ಅದಕ್ಕೇ ಇಷ್ಟು ಸೊಕ್ಕು. ಮೀನಿನ ಕಕ್ಕ, ಮಿಕ್ಕ ತಿಂಡಿ ನೀರಲ್ಲಿ ಕರಗಿದ್ದೇ ಇದಕ್ಕೆ ಊಟ. ಕರಗಿದ್ದನ್ನ ಯಾವ ಬಟ್ಟೆ ಹಿಡಿಯುತ್ತೆ ಹೇಳು? ನಿಮ್ಮಕ್ಕ ದಿನಾ ಸಂಜೆ ತಟ್ಟೆ ತೊಳೆದು, ಅದರಲ್ಲೇ ಮತ್ತೆ ಊಟ ಬಡಿಸ್ತಿದಾಳೆ."

"ಔಷಧಿ ಇಲ್ಲವಾ?"

"ಪುಡಿ ಇದೆ. ಹಾಕಿದರೆ ಎಲ್ಲಾ ಒಟ್ಟಿಗೆ ಸಾಯುತ್ತೆ. ಸತ್ತಿದ್ದು ಕೊಳೆಯೋವಾಗ ನೀರಲ್ಲಿರೋ ಉಸಿರನ್ನೆಲ್ಲ ಎಳ್ಕೊಂಡುಬಿಡುತ್ತೆ. ಈ ನೀರಿಗೆ ನಾನು ಅದನ್ನ ಕೊಡಲ್ಲ. ನೀರು ಬದಲಾಯಿಸಬೇಕು. ಪೂರ್ತಿ ಒಂದೇ ಸಲ ಬೇಡ, ದಿನಕ್ಕೆ ಎರಡು ಬಕೆಟ್. ಲೋಳೆ ಎಳೆದು ಹೊರಗೆ ಚೆಲ್ಲಬೇಕು. ಆಮೇಲೆ ಮೂರು ದಿನ ತೊಟ್ಟಿ ದೀಪ ಆರಿಸಿ, ರಗ್ಗು ಹೊದಿಸಿ ಕತ್ತಲೆ ಮಾಡಬೇಕು. ಬೆಳಕಿಲ್ಲದೆ ಅದು ಬದುಕಲ್ಲ. ಹವಳ ಮೂರು ದಿನ ತಡೆಯುತ್ತೆ. ಆದರೆ ಬೇಗ ಮಾಡಿ."

ಅಂದು ಸಂಜೆ ಅಕ್ಕ ಒಳಗೆ ಬಂದವಳು ತೊಟ್ಟಿಯ ಗಾಜಿನ ಮೇಲೆ ನೀರಿನ ಮಟ್ಟಕ್ಕೆಂದು ಭಾವ ಎಳೆದಿದ್ದ ಗೆರೆ ನೋಡಿದಳು. "ಒಂದು ಲೋಟ ಕಡಿಮೆ ಇದೆ," ಎಂದಳು.

"ಆವಿಯಾಗಿರುತ್ತೆ."

"ಆವಿ ಎಷ್ಟಾಗುತ್ತೆ ಅಂತ ನನಗೆ ಗೊತ್ತಿಲ್ಲವೇನೇ?"

ಒಪ್ಪಿಕೊಂಡೆ. ಉಪ್ಪಣ್ಣ ಹೇಳಿದ್ದನ್ನೂ ಒಂದೂ ಬಿಡದೆ ಹೇಳಿದೆ. ಅವಳು ಬಯ್ಯಲಿಲ್ಲ. ಪೈಪು ತೆಗೆದುಕೊಂಡಳು, ಬಕೆಟ್ಟಿಗೆ ಬಟ್ಟೆ ಬಿಗಿದಳು, ಒಂದೊಂದಾಗಿ ಕ್ಲಿಪ್ಪು ಹಾಕಿದಳು. "ಎರಡು ಸುತ್ತು ಬಟ್ಟೆ ಹಾಕ್ತೀನಿ," ಎಂದಳು.

ಮರುದಿನ ಎರಡು ಸುತ್ತು, ಅದರ ಮರುದಿನ ಮೂರು. ಅಂಗಡಿಯಿಂದ ಒತ್ತು ನೇಯ್ಗೆಯ ಲೈನಿಂಗ್ ಬಟ್ಟೆ ತಂದಳು. ನಾನು ಮೀನಿನ ತಿಂಡಿ ಅರ್ಧ ಮಾಡಿದೆ, ಪಂಪಿನ ಮುಖವನ್ನು ಮರಳಿನ ಕಡೆ ತಿರುಗಿಸಿದೆ. ಬೆಳಿಗ್ಗೆ ದೀಪ ಹೊತ್ತುವ ಮೊದಲು ಕೆಂಪು ಮಾಸಿರುತ್ತಿತ್ತು. ಅಕ್ಕ ಆಸೆಯಿಂದ ಬಗ್ಗಿ ನೋಡಿ ಕೆಲಸಕ್ಕೆ ಹೋಗುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಅದು ಮತ್ತೆ ಮೈದುಂಬಿ, ಮಣಿ ಹೊಲಿದುಕೊಂಡು ಕೂತಿರುತ್ತಿತ್ತು. ಆರು ತಲೆ ಐದಾಯಿತು, ಐದು ನಾಲ್ಕಾಯಿತು. ಬಾಡಿಗೆದಾರ ತನ್ನ ಮನೆ ಬಿಟ್ಟು ಪಂಪಿನ ಹಿಂದಿನ ಮೂಲೆಯಲ್ಲಿ ಗಾಜಿಗೆ ಒರಗಿ ಮಲಗತೊಡಗಿತು. ಹೀಗೆ ಎಂಟು ದಿನ. ನಾನು ಜಗಳ ಮಾಡಬೇಕಿತ್ತು. ಅವಳು ದೊಡ್ಡವಳೆಂದು ಸುಮ್ಮನಾದೆ. ನಿಜ ಹೇಳಬೇಕೆಂದರೆ, ಆ ನೀರಿನಲ್ಲಿ ಭಾವ ಇರಬಹುದೇನೋ ಎಂದು ನನಗೂ ಅನ್ನಿಸುತ್ತಿತ್ತು. ಕತೆ ಕೇಳಿ ಬೆಳೆದವರ ತೊಂದರೆ ಇದು.

ಒಂಬತ್ತನೆಯ ದಿನ ಶನಿವಾರ. ಅಕ್ಕ ಹವಳದ ಬುಡದ ಲೋಳೆ ಎಳೆಯುತ್ತಿದ್ದಳು. ಪೈಪು ಒಂದು ತಲೆಯ ಹತ್ತಿರ ಹೋದದ್ದೇ ತಡ, ಆ ತಲೆಯ ಮಾಂಸವೇ ಸಡಿಲವಾಗಿ ಕಳಚಿ, ಪೈಪಿನೊಳಗೆ ಜಾರಿ, ಕೆಳಗೆ ಬಟ್ಟೆಯ ಮೇಲೆ ಬಂದು ಬಿತ್ತು. ಕೆಂಪು ಲೋಳೆಯ ನಡುವೆ ಹಸಿರು ಬೆರಳುಗಳು. ತುದಿಯ ಚಿನ್ನದ ಉಗುರುಗಳು ಹಾಗೇ ಇದ್ದವು. ತೊಟ್ಟಿಯೊಳಗೆ ಆ ತಲೆ ಇದ್ದಲ್ಲಿ ಒಂದು ಬಿಳಿ ಕಲ್ಲು, ಖಾಲಿ ಬಟ್ಟಲಿನ ಹಾಗೆ, ಉಳಿದಿತ್ತು.

ಅಕ್ಕ ಪೈಪನ್ನು ಕೈಬಿಟ್ಟಳು. ನೀರು ನೆಲದ ಮೇಲೆ ಹರಿಯಿತು. ಅಷ್ಟು ದಿನ ಹನಿಹನಿ ಕಾಪಾಡಿದ ನೀರು ಅವಳ ಪಾದದ ಸುತ್ತ ನಿಂತರೂ ಅವಳು ನೋಡಲಿಲ್ಲ. ಬಟ್ಟೆಯ ನಾಲ್ಕು ಮೂಲೆ ಹಿಡಿದು ಎತ್ತಿಕೊಂಡು, ಎಲ್ಲಿಡಬೇಕೆಂದು ತಿಳಿಯದೆ ಹಜಾರದ ಮಧ್ಯೆ ನಿಂತಳು.

"ನಾನೇ ತೆಗೆದೆ," ಎಂದಳು.

"ಅದು ಮೊದಲೇ ಸತ್ತಿತ್ತು ಅಕ್ಕ."

"ನಾನೇ ಸಾಯಿಸಿದ್ದು. ಉಪ್ಪಣ್ಣನಿಗೆ ಫೋನ್ ಮಾಡೇ."

ಉಪ್ಪಣ್ಣ ಅಂಗಡಿಗೆ ಬೀಗ ಹಾಕಿಕೊಂಡು ಬಂದ. ತೊಟ್ಟಿಯ ಮುಂದೆ ಮಂಡಿಯೂರಿ ಬಹಳ ಹೊತ್ತು ನೋಡಿದ. ಅವನಿಗೆ ನಾನು ಟೀ ಕೊಟ್ಟೆ. ಕುಡಿಯದೆ ಪಕ್ಕಕ್ಕಿಟ್ಟ.

"ನೋಡಮ್ಮ," ಎಂದು ಅಕ್ಕನಿಗೆ ಹೇಳಿದ. "ಅವನ ನೀರು ಬೇಕಾ, ಅವನ ಹವಳ ಬೇಕಾ? ಎರಡೂ ಉಳಿಸೋದು ನನ್ನ ಕೈಲಾಗಲ್ಲ."

ಅಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಳು.

"ಒಂದು ಮಾತು ಹೇಳ್ತೀನಿ. ಆರು ವರ್ಷದ ಹಿಂದೆ ಈ ತೊಟ್ಟಿಗೆ ಮೊದಲ ನೀರು ತುಂಬಿದ್ದು ನಾನು. ಆಮೇಲೆ ಅವನು ಪ್ರತಿ ಭಾನುವಾರ ಹತ್ತರಲ್ಲಿ ಒಂದು ಪಾಲು ತೆಗೆದ, ಒಂದು ಪಾಲು ಹಾಕಿದ. ತೆಗೆಯೋವಾಗ ಹಳೇದು ಹೊಸದು ಎರಡೂ ಬೆರೆತೇ ಬರುತ್ತೆ. ಹಾಗಾಗಿ ಹಳೇದು ಪೂರ್ತಿ ಹೋಗೋದೇ ಇಲ್ಲ. ನಾನು ಹಾಕಿದ ನೀರು ಇವತ್ತೂ ಇದರಲ್ಲಿ ಒಂದು ಚೂರು ಇದೆ. ಅವನದೂ ಹಾಗೇ ಇರುತ್ತೆ. ನೀವು ಎಷ್ಟು ವರ್ಷ ಬದಲಾಯಿಸಿದರೂ ಒಂದು ಚೂರು ಇದ್ದೇ ಇರುತ್ತೆ."

ಅಕ್ಕ ಅದನ್ನು ಕೇಳಿಸಿಕೊಂಡಳು. ಬಣ್ಣ ಬಿಡುವ ಬಟ್ಟೆಯನ್ನು ಎಷ್ಟು ನೀರಿನಲ್ಲಿ ಜಾಲಿಸಿದರೂ ಕೊನೆಯ ನೀರಿನಲ್ಲೂ ಒಂದಿಷ್ಟು ಬಣ್ಣವಿರುತ್ತದೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು?

"ಅಷ್ಟು ಚೂರು ಸಾಕಾಗಲ್ಲ ಅಣ್ಣ," ಎಂದಳು. ಉಪ್ಪಣ್ಣ ತಲೆ ತಗ್ಗಿಸಿದ. ಅಕ್ಕ ಎದ್ದಳು. "ಪೈಪ್ ಕೊಡಿ," ಎಂದಳು.

ಮೊದಲ ಬಕೆಟ್ಟನ್ನು ನಾವಿಬ್ಬರೂ ಹಿಡಿದು ಬಚ್ಚಲಿಗೆ ತಂದೆವು. ಬಟ್ಟೆ ಬಿಗಿದಿರಲಿಲ್ಲ. ಲೋಳೆ, ಮರಳು, ನೀರು ಎಲ್ಲ ಒಟ್ಟಿಗೇ ಇತ್ತು. ಅಕ್ಕ ಬಕೆಟ್ಟಿನ ಅಂಚು ಹಿಡಿದು ನಿಂತಳು, ಬಗ್ಗಿಸಲಿಲ್ಲ.

"ಆ ಕೊಡದ ಕತೆ ನೆನಪಿದೆಯಾ?" ಎಂದು ಕೇಳಿದಳು.

 ಇಷ್ಟು ದಿನ ನಾನೊಬ್ಬಳೇ ನೆನೆಸಿಕೊಳ್ಳುತ್ತಿದ್ದೇನೆ ಎಂದುಕೊಂಡಿದ್ದೆ. "ಇದೆ. ಆದರೆ ಅಜ್ಜಿ ಅದರ ಕೊನೆ ಹೇಳಲೇ ಇಲ್ಲ."

"ಹೇಳ್ತಿದ್ದಳು. ನೀನು ಅಷ್ಟರಲ್ಲಿ ಗೊರಕೆ ಹೊಡೀತಿದ್ದೆ."

"ಏನಾಯ್ತು ಕೊನೆಗೆ?"

"ಕೊಟ್ಟುಬಿಟ್ಟಳಂತೆ. ಒಂದು ದಿನ ಕೊಡ ತಂದು ಹೊಸ್ತಿಲಲ್ಲಿ ಬಗ್ಗಿಸಿಬಿಟ್ಟಳಂತೆ. ಸಮುದ್ರ ತನ್ನ ನೀರು ತಗೊಂಡು ಹೋಯ್ತು. ಮಾರನೇ ದಿನ ಸಂಜೆ ಮತ್ತೆ ಬಂತಂತೆ. ಕೇಳೋದಕ್ಕೆ ಏನೂ ಇರಲಿಲ್ಲ. ಸುಮ್ಮನೆ ಬಾಗಿಲವರೆಗೂ ಬಂದು ನಿಂತಿದ್ದು ಹೋಯ್ತಂತೆ. ಅವಳೂ ಬಾಗಿಲಲ್ಲಿ ಸುಮ್ಮನೆ ಕೂತಿರ್ತಿದ್ದಳಂತೆ."

ಹೀಗೆ ಹೇಳುತ್ತ ಹೇಳುತ್ತಲೇ ಬಗ್ಗಿಸಿದಳು. ನೀರು ಬಚ್ಚಲ ಕಿಂಡಿಯಲ್ಲಿ ಸುಳಿ ಸುತ್ತಿ ಇಳಿಯಿತು. ಕೊನೆಗೆ ಗೊರ ಗೊರ ಸದ್ದು, ಆಮೇಲೆ ಅದೂ ಇಲ್ಲ. ಅಕ್ಕ ಗೋಡೆಗೆ ಹಣೆ ಒತ್ತಿ ಅತ್ತಳು. ಏಳು ತಿಂಗಳಲ್ಲಿ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಸ್ವಲ್ಪ ಹೊತ್ತಿನ ನಂತರ ಮೂಗು ಒರೆಸಿಕೊಂಡು, "ಇನ್ನೊಂದು ಬಕೆಟ್ ಇದೆ, ನಡಿ" ಎಂದಳು.

ಹೊಸ ನೀರನ್ನು ಉಪ್ಪಣ್ಣನೇ ಅಂಗಡಿಯಿಂದ ಕ್ಯಾನುಗಳಲ್ಲಿ ತಂದು ಹಾಕಿದ. ಭಾನುವಾರ, ಸೋಮವಾರವೂ ಎರಡೆರಡು ಬಕೆಟ್. ಮಂಗಳವಾರ ದೀಪ ಆರಿಸಿ, ತೊಟ್ಟಿಗೆ ಎರಡು ರಗ್ಗು ಹೊದಿಸಿದೆವು. ಒಂದು ಅಜ್ಜಿಯ ಕಾಲದ್ದು. ಮೂರು ದಿನ ತೆರೆದು ನೋಡಬಾರದೆಂದು ಉಪ್ಪಣ್ಣ ಕಟ್ಟಪ್ಪಣೆ ಮಾಡಿದ್ದ. ರಗ್ಗಿನೊಳಗಿಂದ ಪಂಪಿನ ಸದ್ದು ಮಾತ್ರ ಬರುತ್ತಿತ್ತು, ಯಾರೋ ಮುಸುಕೆಳೆದು ಮಲಗಿ ಉಸಿರಾಡುತ್ತಿದ್ದ ಹಾಗೆ. ಅಕ್ಕ ಕೆಲಸದಿಂದ ಬಂದು ಪ್ಲಾಸ್ಟಿಕ್ ಕುರ್ಚಿ ಎಳೆದು ಅದರ ಎದುರು ಕೂರುತ್ತಿದ್ದಳು. ನಾಲ್ಕು ಗಂಟೆಗೆ ಮಾಡಲು ಅವಳ ಕೈಗೆ ಕೆಲಸವೇ ಇರಲಿಲ್ಲ. ನಾನು ಇನ್ನೂ ನಾಲ್ಕು ದಿನ ರಜೆ ಕೇಳಿ ಫೋನ್ ಮಾಡಿದೆ.

ಶುಕ್ರವಾರ ಸಂಜೆ ರಗ್ಗು ತೆಗೆದೆವು.

ಮರಳು ಬೆಳ್ಳಗಿತ್ತು. ಕಲ್ಲುಗಳ ಮೇಲೆ ಬೂದು ಬಣ್ಣದ ಒಂದೆರಡು ಚಿಂದಿ ಬಿಟ್ಟರೆ ಎಲ್ಲಿಯೂ ಕೆಂಪಿರಲಿಲ್ಲ. ಗಾಜಿನ ಈ ಕಡೆಯಿಂದ ಆ ಕಡೆಯ ಗೋಡೆ ಕಾಣುವಷ್ಟು ತಿಳಿ. ಆ ತಿಳಿಯಲ್ಲಿ ಹವಳ ಪೂರ್ತಿ ಕಾಣಿಸಿತು. ಹನ್ನೊಂದು ಕವಲುಗಳಲ್ಲಿ ಒಂಬತ್ತು ಬರೀ ಬಿಳಿ ಕಲ್ಲು. ಹಿಂಬದಿಯ ಎರಡು ತಲೆಗಳಲ್ಲಿ ಮಾತ್ರ ಹಸಿರು ಬೆರಳುಗಳು ಅರ್ಧ ಹೊರಗೆ ಬಂದಿದ್ದವು.

"ಎಂಟು ದಿನ," ಎಂದಳು ಅಕ್ಕ.  ನಾನು ಬಂದ ದಿನ ಆರು ಬಿಚ್ಚಿದ್ದವು.

ಉಪ್ಪಣ್ಣ ಬಂದು ಕಟ್ಟರಿನಿಂದ ಸತ್ತ ಕವಲುಗಳನ್ನು ಕತ್ತರಿಸಿ, ಜೀವವಿದ್ದ ಎರಡನ್ನು ಅಂಗೈಯಗಲದ ಕಲ್ಲಿಗೆ ಅಂಟಿಸಿ, ಅಲೆ ಮೆತ್ತಗಿರುವ ಕಡೆ ಕೂರಿಸಿದ. ಒಂಬತ್ತು ಬಿಳಿ ಕಡ್ಡಿಗಳನ್ನು ಅಕ್ಕ ಸಿಹಿನೀರಿನಲ್ಲಿ ತೊಳೆದು ಕಿಟಕಿಯ ಮೇಲೆ ಸಾಲಾಗಿಟ್ಟಳು. ಆ ಸೋಸುವ ಬಟ್ಟೆಯನ್ನೂ ಒಗೆದಳು. ತನ್ನ ಅಂಗಡಿಯ ಯಾವ ಔಷಧಿಗೂ ಅದರ ಕೆಂಪು ಹೋಗಲಿಲ್ಲ. ನಸುಗೆಂಪು ಉಳಿಯಿತು, ಅವಳು ಬಿಟ್ಟುಬಿಟ್ಟಳು.

ನಾನು ಹೊರಡುವ ದಿನ ಭಾನುವಾರ. ಬೆಳಿಗ್ಗೆ ನೋಡಿದರೆ ಬಾಡಿಗೆದಾರ ಪಂಪಿನ ಮೂಲೆ ಬಿಟ್ಟು ಬಂದಿತ್ತು. ಎರಡು ತಲೆಗಳ ನಡುವೆ ಅದಕ್ಕೆ ಜಾಗ ಸಾಲದು. ಮುಖವನ್ನು ಮಾತ್ರ ಬೆರಳುಗಳ ಒಳಗೆ ತೂರಿಸಿ, ಮೈಯೆಲ್ಲ ಹೊರಗೆ ಬಿಟ್ಟುಕೊಂಡು ಅಲ್ಲಾಡದೆ ನಿಂತಿತ್ತು.

"ನೋಡೇ ಅಕ್ಕ, ಅಷ್ಟೇ ಸಾಕಂತೆ ಅದಕ್ಕೆ," ಎಂದೆ.

"ಅದಕ್ಕೆ ಬುದ್ಧಿ ಇಲ್ಲ," ಎಂದಳು ಅಕ್ಕ.

ಅಡುಗೆಮನೆಯಲ್ಲಿ ಎರಡು ಬಕೆಟ್ ಶುದ್ಧ ನೀರು ಸಿದ್ಧವಿತ್ತು. ಅಕ್ಕ ಭಾವನ ಪುಟ್ಟ ತಕ್ಕಡಿಯಲ್ಲಿ ಉಪ್ಪು ತೂಗಿದಳು, ಎರಡೆರಡು ಸಲ ನೋಡಿದಳು, ನೀರಿಗೆ ಸುರಿದಳು. ಕಲಸುವ ಪಂಪು ಪಕ್ಕದಲ್ಲೇ ಇತ್ತು, ಅದನ್ನು ತೆಗೆದುಕೊಳ್ಳಲಿಲ್ಲ. ತೋಳು ಮಡಚಿ, ಮೊಣಕೈವರೆಗೆ ಕೈ ಇಳಿಸಿ ತಿರುಗಿಸತೊಡಗಿದಳು. ಉಪ್ಪಿನ ಮೋಡ ಎದ್ದಿತು, ಸುತ್ತಿತು. ಅವಳು ಕಣ್ಣು ಮುಚ್ಚಿ ತಿರುಗಿಸುತ್ತಲೇ ಇದ್ದಳು.

"ಕರಗಿತೋ ಇಲ್ಲವೋ ಗೊತ್ತಾಗ್ತಿಲ್ಲ ಕಣೇ," ಎಂದಳು. "ನನ್ನ ಕೈಗೆ ಏನೂ ಗೊತ್ತಾಗ್ತಿಲ್ಲ."

ನನ್ನ ಬಸ್ಸಿಗೆ ಇನ್ನೂ ಹೊತ್ತಿತ್ತು. ಚೀಲ ಕೆಳಗಿಟ್ಟು ಅವಳ ಪಕ್ಕ ಕೂತೆ.

"ಇನ್ನೂ ಸ್ವಲ್ಪ ತಿರುಗಿಸು," ಎಂದೆ.